ಹಳೇ ಜಿ29 ವ್ಹೀಲ್‌ನ ಫೋರ್ಸ್ ಫೀಡ್‌ಬ್ಯಾಕ್ ಹದ ಮಾಡಿದ್ದು: ನನ್ನ ಅನುಭವ

‘ಗೇರ್ ವ್ಹೀಲ್‌ನಲ್ಲಿ ಟೈರ್ ಏನು ಮಾಡುತ್ತಿದೆ ಅಂತ ಗೊತ್ತೇ ಆಗಲ್ಲ, ಸುಮ್ನೆ ಡೈರೆಕ್ಟ್ ಡ್ರೈವ್ ತಗೋ ಮಾರಾಯ.’ ದಾವಣಗೆರೆಯಲ್ಲಿ ಸಿಮ್, ಅಂದರೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಗೇಮ್, ಓಡಿಸುವ ನಮ್ಮ ಸಣ್ಣ ಗುಂಪಿನಲ್ಲಿ ಎಲ್ಲರದ್ದೂ ಇದೇ ಮಾತು. ಡೈರೆಕ್ಟ್ ಡ್ರೈವ್ ಅಂದರೆ ನಡುವೆ ಗೇರ್ ಇಲ್ಲದೆ ಮೋಟರ್‌ಗೇ ನೇರ ಕೂರಿಸಿದ ವ್ಹೀಲ್. ಬೇಸ್ (ಮೋಟರ್ ಇರುವ ಪೆಟ್ಟಿಗೆ), ರಿಮ್, ಪೆಡಲ್ ಸೇರಿದರೆ ಐವತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ನನ್ನ ಲಾಜಿಟೆಕ್ ಜಿ29 ಗೇರ್ ಇರುವ ಗೇಮಿಂಗ್ ಸ್ಟಿಯರಿಂಗ್, ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು, ಹದಿನಾಲ್ಕು ಸಾವಿರ ಕೊಟ್ಟ ನೆನಪು. ಗೇಮಿನಲ್ಲಿ ಟೈರಿಗೆ ಆಗುವುದನ್ನು ಮೋಟರ್ ಮೂಲಕ ಕೈಗೆ ಮುಟ್ಟಿಸುವುದೇ ಫೋರ್ಸ್ ಫೀಡ್‌ಬ್ಯಾಕ್. ಈಗ ಅದೇ ಗುಂಪಿನವರು ಮನೆಗೆ ಬಂದು ಎರಡು ಲ್ಯಾಪ್ ಓಡಿಸಿ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದೆ. ಕೊನೆಯ ಪ್ಯಾರಾ ಬಿಟ್ಟು ಎಲ್ಲವೂ ಅಸೆಟ್ಟೊ ಕೊರ್ಸಾ ಅನ್ನುವ ರೇಸಿಂಗ್ ಗೇಮಿನ ಲೆಕ್ಕ.

ಮೊದಲು ದುಡ್ಡು ಹೋದದ್ದು ರಿಗ್‌ಗೆ, ಅಂದರೆ ವ್ಹೀಲ್, ಸೀಟು ಕೂರಿಸುವ ಸ್ಟ್ಯಾಂಡ್‌ಗೆ. ಟೇಬಲ್‌ಗೆ ಕ್ಲ್ಯಾಂಪ್ ಮಾಡಿದರೆ ಟೇಬಲ್ಲೇ ಅಲ್ಲಾಡುತ್ತಿತ್ತು. ಹದಡಿ ರಸ್ತೆ ಕಡೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನಲ್ಲಿ ಸ್ಟ್ಯಾಂಡ್ ಮಾಡಿಸಿದೆ, ಸುಮಾರು ಮೂರೂವರೆ ಸಾವಿರ. ಗುಜರಿಯಲ್ಲಿ ಹಳೇ ಕಾರಿನ ಸೀಟು ಸಾವಿರದ ಚಿಲ್ಲರೆಗೆ ಸಿಕ್ಕಿತು. ಅಲ್ಲಾಟ ನಿಂತಿತು. ಆದರೆ ವ್ಹೀಲ್ ನಡುವಿನಲ್ಲಿ ಇದ್ದಾಗ ಕೈಗೆ ಏನೂ ಬರುತ್ತಿರಲಿಲ್ಲ.

ಗೇನ್, ಅಂದರೆ ಒಟ್ಟು ಫೋರ್ಸ್‌ನ ಮಟ್ಟ, 100ಕ್ಕೆ ಏರಿಸಿದೆ. ದೊಡ್ಡ ತಿರುವು ಬಂತು ಅಂದರೆ ಗೇಮಿನೊಳಗಿನ ಪೆಡಲ್ಸ್ ಆ್ಯಪ್‌ನಲ್ಲಿ ಫೋರ್ಸ್ ತೋರಿಸುವ ಬಾರ್ ಕೆಂಪಾಗಿ ಅಲ್ಲೇ ನಿಲ್ಲುತ್ತಿತ್ತು. ಬರೀ ಕ್ಲಿಪ್ಪಿಂಗ್, ಫೋರ್ಸ್ ಮಿತಿಗೆ ಬಡಿದು ಹೆಚ್ಚು ಕಮ್ಮಿ ಗೊತ್ತೇ ಆಗುವುದಿಲ್ಲ. ಸಣ್ಣ ಫೋರ್ಸನ್ನೂ ಎತ್ತಿ ಕೊಡುವ ಮಿನಿಮಮ್ ಫೋರ್ಸ್ ಸೆಟ್ಟಿಂಗ್ ಇಪ್ಪತ್ತರ ಹತ್ತಿರ ಕೊಟ್ಟೆ. ನೇರ ರಸ್ತೆಯಲ್ಲಿ ವ್ಹೀಲ್ ತಾನೇ ಎಡಕ್ಕೆ ಬಲಕ್ಕೆ ಬಡಿದುಕೊಳ್ಳಲು ಶುರು ಮಾಡಿತು. ‘ಏನಪ್ಪಾ ಅದು, ನಡುರಾತ್ರೀಲಿ ಕಟಕಟ’ ಅಂತ ಅಮ್ಮ ಎದ್ದು ಬಂದರು. ಒಬ್ಬರು ಡ್ಯಾಂಪರ್ (ತಿರುಗಿಸುವಾಗ ತಡೆ ಕೊಡುವ ಸೆಟ್ಟಿಂಗ್) ಜಾಸ್ತಿ ಮಾಡು ಅಂದರು. ಮಾಡಿದರೆ ಕೆಸರಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಹಾಗೆ ಭಾರ ಬಂತೇ ಹೊರತು ಟೈರಿನ ಸುದ್ದಿ ಬರಲಿಲ್ಲ. ಒಂದು ರಿಪೇರಿ ಅಂಗಡಿಯವರು ಬಿಚ್ಚಿ ಗ್ರೀಸ್ ಹಾಕುತ್ತೇವೆ ಅಂತ ಎಂಟುನೂರು ತಗೊಂಡರು. ಸದ್ದು ಸ್ವಲ್ಪ ಇಳಿಯಿತು, ಉಳಿದದ್ದು ಹಾಗೇ ಇತ್ತು.

ಕೆಲಸ ಆದದ್ದು ಅಳತೆ ಮಾಡಿದ ಮೇಲೆ. ಲಾಜಿಟೆಕ್‌ನ ಸಾಫ್ಟ್‌ವೇರ್ ಜಿ ಹಬ್‌ನಲ್ಲಿ ಸೆಂಟರಿಂಗ್ ಸ್ಪ್ರಿಂಗ್ (ವ್ಹೀಲನ್ನು ನಡುವಿಗೆ ಎಳೆಯುವ ಸೆಟ್ಟಿಂಗ್) ಆಫ್, ತಿರುಗುವ ರೇಂಜ್ 900 ಡಿಗ್ರಿ. ವ್ಹೀಲ್‌ಚೆಕ್ ಅನ್ನುವ ಅಳೆಯುವ ಪ್ರೋಗ್ರಾಂ ಹಾಕಿ, ಕೈ ಬಿಟ್ಟು, ಫೋರ್ಸ್ ಅನ್ನು ಹಂತ ಹಂತವಾಗಿ ಏರಿಸುವ ಟೆಸ್ಟ್ ಓಡಿಸಿದೆ. ಫೈಲ್ ತೆರೆದರೆ ಸಾಲಾಗಿ ಸೊನ್ನೆಗಳು. ಶೇಕಡ 14ರ ತನಕ ವ್ಹೀಲ್ ಕದಲಿಯೇ ಇಲ್ಲ! ಆಮೇಲೆ ಒಮ್ಮೆಲೇ ಜಿಗಿತ. ಶೇಕಡ 60 ದಾಟಿದ ಮೇಲೆ ಎಷ್ಟು ಕೊಟ್ಟರೂ ಹೆಚ್ಚಿನ ತಳ್ಳು ಇಲ್ಲ. ಅಂದರೆ ಗೇಮ್ ಕಳಿಸುವ ಸಣ್ಣ ಸಣ್ಣ ಸುದ್ದಿಯನ್ನೆಲ್ಲ ಗೇರ್ ನುಂಗುತ್ತಿತ್ತು.

ಆ ಫೈಲ್‌ನಿಂದ ಎಲ್‌ಯುಟಿ, ಅಂದರೆ ಗೇಮ್ ಇಷ್ಟು ಫೋರ್ಸ್ ಕೇಳಿದರೆ ವ್ಹೀಲ್‌ಗೆ ಎಷ್ಟು ಕಳಿಸಬೇಕು ಅನ್ನುವ ಪಟ್ಟಿ, ಮಾಡಿ, ಗೇಮ್ ತೆರೆಯಲು ಬಳಸುವ ಕಂಟೆಂಟ್ ಮ್ಯಾನೇಜರ್‌ನಲ್ಲಿ ಆ ಪಟ್ಟಿ ಓಡುವಂತೆ ಪೋಸ್ಟ್ ಪ್ರೊಸೆಸಿಂಗ್ ಆನ್ ಮಾಡಿದೆ. ಮಿನಿಮಮ್ ಫೋರ್ಸ್ ಸೊನ್ನೆ. ಇದು ಮುಖ್ಯ, ಎರಡೂ ಒಟ್ಟಿಗೆ ಇದ್ದರೆ ಮತ್ತೆ ಬಡಿತ. ಗೇನ್ ಎಪ್ಪತ್ತರ ಒಳಗೆ ತಂದೆ. ಕರ್ಬ್, ರೋಡ್, ಸ್ಲಿಪ್ ಎಫೆಕ್ಟ್ (ಗೇಮ್ ಸೇರಿಸುವ ಹೆಚ್ಚುವರಿ ನಡುಕ) ಮೂರೂ ಸೊನ್ನೆ. ಕಾರಿಗೆ ತಕ್ಕಂತೆ ಗೇನನ್ನು ಕೀಬೋರ್ಡಿನ ನಂಬರ್ ಪ್ಯಾಡ್‌ನ ಪ್ಲಸ್, ಮೈನಸ್‌ನಲ್ಲಿ ಹೊಂದಿಸುತ್ತೇನೆ. ಕೆಂಪು ಒಮ್ಮೊಮ್ಮೆ ಮಿಂಚಿ ಹೋದರೆ ಸಾಕು, ನಿಲ್ಲಬಾರದು.

ಹಾಗಂತ ಬಂದ ಎಲ್‌ಯುಟಿಯನ್ನೇ ಇಟ್ಟುಕೊಂಡಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎರಡನೇ ಸಾಲು 0.01|0.14 ಅಂತ ಇರುತ್ತದೆ, ಗೇಮ್ ಶೇಕಡ 1 ಕೇಳಿದರೆ ವ್ಹೀಲ್‌ಗೆ 14, ಸೊನ್ನೆಯಿಂದ ಒಂದೇ ನೆಗೆತ. ಮೊದಲ ಐದಾರು ಸಾಲುಗಳನ್ನು ನಾನು ಕೈಯಿಂದ ತಿದ್ದಿದ್ದೇನೆ. ಆ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ, ಅದು ನನ್ನ ತಿಂಗಳುಗಟ್ಟಲೆ ರಾತ್ರಿಗಳ ದುಡಿಮೆ. ಕೊಟ್ಟರೂ ನಿಮಗೆ ಕೂರುವುದಿಲ್ಲ. ವಿದ್ಯಾನಗರದ ಗೆಳೆಯನ ಜಿ29ಗೆ ನನ್ನ ಫೈಲ್ ಹಾಕಿ ನೋಡಿದೆವು, ಕಟಕಟ ಶುರುವಾಯಿತು. ಅವನ ವ್ಹೀಲ್ ಅಷ್ಟು ಸವೆದಿಲ್ಲ, ನನ್ನ ಶೇಕಡ 14ರ ಜಾಗದಲ್ಲಿ ಅವನ ಅಳತೆ ಹತ್ತರ ಆಸುಪಾಸು.

ಇನ್ನೊಂದು ಪ್ರಯೋಗ. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ? ಮುಕ್ಕಾಲು ಗಂಟೆ ಓಡಿಸಿದರೆ ಬೇಸ್ ಮುಟ್ಟಿದಾಗ ಸುಡುತ್ತದೆ, ಫೋರ್ಸ್ ಇಳಿಯುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಅಳೆದೆ. ಬಿಸಿಯಲ್ಲಿ ಡೆಡ್‌ಝೋನ್, ಅಂದರೆ ವ್ಹೀಲ್ ಕದಲದ ಆ ಮೊದಲ ಭಾಗ, ಶೇಕಡ ಲೆಕ್ಕದಲ್ಲಿ ಎರಡು ಮೂರು ಅಂಕ ಕಮ್ಮಿ. ಹಾಗಾಗಿ ಎರಡು ಫೈಲ್ ಇಟ್ಟುಕೊಂಡಿದ್ದೇನೆ. ಉದ್ದದ ರೇಸ್ ಇದ್ದರೆ ಬಿಸಿಯದ್ದು, ಜೊತೆಗೆ ಬೇಸ್ ಕಡೆ ತಿರುಗಿಸಿದ ಟೇಬಲ್ ಫ್ಯಾನ್.

ಫಲ ಏನು ಅಂದರೆ, ಲಗುನಾ ಸೆಕಾ ಟ್ರ್ಯಾಕ್‌ನ ಎರಡನೇ ತಿರುವಿನಲ್ಲಿ ಮಾಜ್ದಾ ಎಂಎಕ್ಸ್-5 ಕಪ್ ಕಾರಿನ ಮುಂದಿನ ಟೈರ್ ಸೋಲುವ ಮೊದಲೇ ಸ್ಟಿಯರಿಂಗ್ ಹಗುರವಾಗುವುದು ಈಗ ಬೆರಳಿಗೆ ಸಿಗುತ್ತದೆ. ಆ ಕ್ಷಣಕ್ಕೆ ಒಂದೆರಡು ಡಿಗ್ರಿ ಬಿಚ್ಚಿದರೆ ಕಾರು ಮತ್ತೆ ಒಳಕ್ಕೆ ಬರುತ್ತದೆ. ಮೊದಲು ಟೈರ್ ಕಿರುಚಿದ ಮೇಲೆ ಗೊತ್ತಾಗುತ್ತಿತ್ತು. ಲ್ಯಾಪ್ ಒಂದೂವರೆ ಸೆಕೆಂಡ್ ಇಳಿಯಿತು. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು, ಸತತ ಹತ್ತು ಲ್ಯಾಪ್ ಅರ್ಧ ಸೆಕೆಂಡಿನ ಒಳಗೆ ಬರುತ್ತಿರುವುದು. ಡೈರೆಕ್ಟ್ ಡ್ರೈವ್ ಇರುವ ಗೆಳೆಯ ಈ ಟ್ರ್ಯಾಕ್‌ನಲ್ಲಿ ಇನ್ನೂ ನನ್ನ ಹಿಂದೆಯೇ ಇದ್ದಾನೆ.

ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಅನ್ನುವ ಇನ್ನೊಂದು ಗೇಮ್ ಆಡುವವರಿಗೆ ಈ ಎಲ್‌ಯುಟಿ ದಾರಿ ಇಲ್ಲ. ಅಲ್ಲಿ ನಾನು ಗೇನ್ 65ರ ಹತ್ತಿರ, ಡೈನಾಮಿಕ್ ಡ್ಯಾಂಪಿಂಗ್ 100, ಮಿನಿಮಮ್ ಫೋರ್ಸ್ ಏಳೋ ಎಂಟೋ ಇಟ್ಟಿದ್ದೇನೆ. ನಿಮ್ಮ ಮಿನಿಮಮ್ ಫೋರ್ಸನ್ನು ಸೊನ್ನೆಯಿಂದ ಒಂದೊಂದೇ ಏರಿಸಿ, ನೇರ ರಸ್ತೆಯಲ್ಲಿ ಕೈ ಸಡಿಲ ಬಿಟ್ಟು ನೋಡಿ. ನಡುಕ ಶುರುವಾದ ಕಡೆಯಿಂದ ಒಂದು ಹಿಂದಕ್ಕೆ ಬಂದು ನಿಲ್ಲಿಸಿ.