ಕುರಿಯ ಮಿದುಳಿನಲ್ಲಿ ರಕ್ತ-ದ್ರವ ತಡೆಯ ಜೀವಕೋಶಗಳನ್ನು ನೋಡುವ ಬಗೆ

ರಕ್ತಕ್ಕೂ ಮಿದುಳಿನೊಳಗಿನ ದ್ರವಕ್ಕೂ ನಡುವೆ ನಿಂತು, ಯಾವುದು ದಾಟಬೇಕು, ಯಾವುದು ದಾಟಬಾರದು ಎಂಬುದನ್ನು ನಿರ್ಧರಿಸುವ ಜೀವಕೋಶಗಳನ್ನು ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳು ಹೆಚ್ಚಾಗಿ ಪುಸ್ತಕದ ಚಿತ್ರದಲ್ಲಷ್ಟೇ ನೋಡಿರುತ್ತಾರೆ. ಮಟನ್ ಅಂಗಡಿಯ ಕುರಿಯ ಮಿದುಳು, ಕಾಲೇಜಿನ ಸೂಕ್ಷ್ಮದರ್ಶಕ ಮತ್ತು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇದ್ದರೆ ಒಂದೇ ಪ್ರಾಯೋಗಿಕ ತರಗತಿಯಲ್ಲಿ ಅವುಗಳನ್ನು ಕಣ್ಣಾರೆ ಕಾಣಬಹುದು.

ಮಿದುಳನ್ನು ಇಡಿಯಾಗಿ ತೆಗೆದುಕೊಡುವಂತೆ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು. ತರಗತಿ ನಡೆಯುವ ದಿನ ಬೆಳಿಗ್ಗೆ ಕೊಯ್ದ ಕುರಿಯದೇ ಆಗಬೇಕು, ಏಕೆಂದರೆ ಈ ಜೀವಕೋಶಗಳು ಬೇಗನೆ ಕೆಡುತ್ತವೆ. ಫ್ರೀಜರ್‌ನಲ್ಲಿಟ್ಟರೆ ಮಂಜಿನ ಹರಳುಗಳು ಅವುಗಳನ್ನು ಒಡೆಯುತ್ತವೆ. ಬರಿಯ ನೀರಿನಲ್ಲಿಟ್ಟರೆ ಅವು ಉಬ್ಬಿ ಹಾಳಾಗುತ್ತವೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿದ ದ್ರಾವಣದಲ್ಲಿ ಮಿದುಳನ್ನು ಮುಳುಗಿಸಿ, ಆ ಡಬ್ಬಿಯನ್ನು ಮಂಜುಗಡ್ಡೆಯ ನಡುವೆ ಇಟ್ಟು ತರುವುದು ಸರಿಯಾದ ಕ್ರಮ.

ಕೈಗವಸು ತೊಟ್ಟು, ಮಿದುಳನ್ನು ಮೇಲ್ಭಾಗ ಮೇಲಾಗಿರುವಂತೆ ತಟ್ಟೆಯಲ್ಲಿಡಿ. ಎರಡು ಅರ್ಧಗೋಳಗಳನ್ನು ಹೆಬ್ಬೆರಳುಗಳಿಂದ ಮೆಲ್ಲಗೆ ಅಗಲಿಸಿದರೆ ಆಳದಲ್ಲಿ ಅವೆರಡನ್ನೂ ಕೂಡಿಸುವ ಬಿಳಿಯ ಪಟ್ಟಿ, ಅಂದರೆ ಕಾರ್ಪಸ್ ಕ್ಯಾಲೋಸಂ, ಕಾಣುತ್ತದೆ. ನಡುಗೆರೆಯ ಮೇಲೆ ಕೊಯ್ಯಬೇಡಿ; ಅದರಿಂದ ಸುಮಾರು ಅರ್ಧ ಸೆಂಟಿಮೀಟರ್ ಪಕ್ಕಕ್ಕೆ, ಅದಕ್ಕೆ ಸಮಾನಾಂತರವಾಗಿ, ಬ್ಲೇಡಿನ ತುದಿ ಒಂದು ಪೊಳ್ಳಿಗೆ ಇಳಿಯಿತೆಂದು ತಿಳಿಯುವವರೆಗೆ ಮಾತ್ರ ಸೀಳಿ. ಆ ಪೊಳ್ಳೇ ಪಾರ್ಶ್ವ ಕುಹರ, ಅಂದರೆ ಅರ್ಧಗೋಳದೊಳಗಿನ ದ್ರವ ತುಂಬಿದ ಕುಳಿ. ಅದರ ನೆಲದ ಮೇಲೆ, ಮುಂದಿನಿಂದ ಹಿಂದಕ್ಕೆ ಬಾಗಿ ಹೋಗುವ, ಸೀರೆಯ ನೆರಿಗೆಯಂತೆ ಸುಕ್ಕುಸುಕ್ಕಾದ ಕೆಂಪು ಮಿಶ್ರಿತ ಎಳೆಯೊಂದು ಮಲಗಿರುತ್ತದೆ. ಮಿದುಳಿನ ದ್ರವವನ್ನು ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಎಂದರೆ ಇದೇ; ನಾವು ಹುಡುಕುವ ತಡೆಯ ಜೀವಕೋಶಗಳು ಇದರ ಹೊದಿಕೆಯಲ್ಲಿವೆ. ಸುತ್ತಲಿನ ಬಿಳಿಯ ಮೆತ್ತನೆಯ ಅಂಗಾಂಶದ ನಡುವೆ ಅದರ ಬಣ್ಣವೇ ಗುರುತು ಹಿಡಿಸುತ್ತದೆ. ಮಿದುಳಿನ ಹಿಂಭಾಗದ ನಾಲ್ಕನೆಯ ಕುಹರದಲ್ಲಿಯೂ ಇದು ಇದೆಯಾದರೂ, ತಲೆಯಿಂದ ಮಿದುಳನ್ನು ಹೊರತೆಗೆಯುವಾಗ ಅಲ್ಲಿನದು ಹರಿಯುವ ಸಂಭವ ಹೆಚ್ಚು. ಆದ್ದರಿಂದ ಪಾರ್ಶ್ವ ಕುಹರದ್ದನ್ನೇ ಬಳಸುವುದು ಒಳ್ಳೆಯದು.

ಚಿಮಟದಿಂದ ಆ ಎಳೆಯನ್ನು ಎತ್ತಿ, 2 ಮಿಲಿಮೀಟರ್‌ನಷ್ಟು ತುಣುಕನ್ನು ಕತ್ತರಿಸಿ, ಉಪ್ಪಿನ ದ್ರಾವಣದಲ್ಲಿ ರಕ್ತ ಹೋಗುವಂತೆ ಅಲುಗಾಡಿಸಿ ತೊಳೆಯಿರಿ. ಸ್ಲೈಡಿನ ಮೇಲೆ ಅದೇ ದ್ರಾವಣದ ಹನಿಯಲ್ಲಿಟ್ಟು, ಎರಡು ಸೂಜಿಗಳಿಂದ ಬಿಡಿಸಿ, ಕವರ್ ಸ್ಲಿಪ್ ಮುಚ್ಚಿ. ಬಣ್ಣ ಹಾಕುವ ಮೊದಲೇ 10 ಪಟ್ಟಿನ ಮಸೂರದಲ್ಲಿ ಒಮ್ಮೆ ನೋಡಲೇಬೇಕು: ಎಳೆಯಿಂದ ಹೊರಚಾಚಿದ ಒಂದೊಂದು ಚಾಚಿನ ಒಳಗೂ ಲೋಮನಾಳ (ಅತಿ ತೆಳುವಾದ ರಕ್ತನಾಳ) ಸುತ್ತಿ ಬರುವುದು, ಅದರಲ್ಲಿ ಉಳಿದ ಕೆಂಪು ರಕ್ತಕಣಗಳು ಸಾಲಾಗಿ ನಿಂತಿರುವುದು ಆಗಲೇ ಚೆನ್ನಾಗಿ ತಿಳಿಯುವುದು. ಅನಂತರ ಕವರ್ ಸ್ಲಿಪ್‌ನ ಒಂದು ಅಂಚಿಗೆ ಶೇ. 0.1ರ ಮೆಥಿಲೀನ್ ಬ್ಲೂ ಹನಿ ಬಿಟ್ಟು, ಎದುರಿನ ಅಂಚಿನಿಂದ ಫಿಲ್ಟರ್ ಕಾಗದದಲ್ಲಿ ಎಳೆದುಕೊಳ್ಳಿ. ಒಂದೆರಡು ನಿಮಿಷದ ಬಳಿಕ 40 ಪಟ್ಟಿನ ಮಸೂರದಲ್ಲಿ ಚಾಚಿನ ಅಂಚನ್ನು ಹಿಡಿದರೆ, ದುಂಡನೆಯ ನೀಲಿ ಕೋಶಕೇಂದ್ರವುಳ್ಳ ಘನಾಕಾರದ ಜೀವಕೋಶಗಳು ಒಂದೇ ಸಾಲಿನಲ್ಲಿ ಒತ್ತಾಗಿ ನಿಂತಿರುವುದು ಕಾಣುತ್ತದೆ. ತಡೆ ಈ ಒಂದು ಸಾಲು ಮಾತ್ರ.

ಇಲ್ಲಿ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಸತ್ತ ಅಂಗಾಂಶದೊಳಗೆ ಬಣ್ಣ ಎಲ್ಲೆಡೆಯೂ ನುಗ್ಗುವುದರಿಂದ, ತಡೆಯ ಕೆಲಸವನ್ನು ಈ ಸ್ಲೈಡ್ ತೋರಿಸಲಾರದು. ಜೀವಕೋಶಗಳನ್ನು ಬೆಸೆಯುವ ಬಿಗಿ ಸಂಧಿಗಳಿಗಂತೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕೆಲಸವನ್ನು ತೋರಿಸಿದ್ದು ಜೀವಂತ ಪ್ರಾಣಿಗಳ ಮೇಲಿನ ಹಳೆಯ ಪ್ರಯೋಗಗಳು. ವಿಜ್ಞಾನಿ ಎಡ್ವಿನ್ ಗೋಲ್ಡ್‌ಮನ್ 1909ರಲ್ಲಿ ರಕ್ತಕ್ಕೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಚುಚ್ಚಿದಾಗ ಕೋರಾಯ್ಡ್ ಪ್ಲೆಕ್ಸಸ್ ನೀಲಿಯಾಯಿತು, ಮಿದುಳು ಆಗಲಿಲ್ಲ. 1913ರಲ್ಲಿ ದ್ರವಕ್ಕೇ ಚುಚ್ಚಿದಾಗ ಮಿದುಳಿಗೂ ಬಣ್ಣ ಹತ್ತಿತು. ಕೋರಾಯ್ಡ್ ಪ್ಲೆಕ್ಸಸ್‌ನ ಲೋಮನಾಳಗಳ ಭಿತ್ತಿಯಲ್ಲಿ ರಂಧ್ರಗಳಿರುವುದರಿಂದ ಬಣ್ಣ ನಾಳದಿಂದ ಹೊರಬಂದು, ಹೊದಿಕೆಯ ಜೀವಕೋಶಗಳ ಬಳಿ ನಿಂತುಬಿಡುತ್ತದೆ. ಪ್ರೋಟೀನ್ ಕೂಡ ಹೀಗೆಯೇ ತಡೆಯಲ್ಪಡುತ್ತದೆ: ಮನುಷ್ಯರ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) 100 ಮಿ.ಲೀ.ಗೆ 6ರಿಂದ 8 ಗ್ರಾಂ ಪ್ರೋಟೀನ್ ಇದ್ದರೆ, ಸೊಂಟದ ಬಳಿ ಬೆನ್ನೆಲುಬಿನೊಳಗಿಂದ ತೆಗೆದ ಆರೋಗ್ಯವಂತರ ಇದೇ ದ್ರವದಲ್ಲಿ ಅದು ಸುಮಾರು 15ರಿಂದ 45 ಮಿಲಿಗ್ರಾಂ ಮಾತ್ರ. ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹೊಸದಾಗಿ ತಯಾರಾಗುತ್ತಿದ್ದರೂ ಈ ಅಂತರ ಉಳಿಯುವುದು ದೊಡ್ಡ ಸಂಗತಿ.

ಸಮಯವಿದ್ದರೆ ಮಿದುಳಿನ ಹೊರಪದರದ ಬೂದು ಭಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ತುಣುಕನ್ನು ಇನ್ನೊಂದು ಸ್ಲೈಡಿನ ಮೇಲೆ ಒತ್ತಿ, ಅದೇ ಬಣ್ಣ ಹಾಕಿ ನೋಡಿ. ಕವಲೊಡೆದ ತೆಳು ನಾಳಗಳೂ ಅವುಗಳ ಉದ್ದಕ್ಕೆ ಚಾಚಿದ ಕೋಶಕೇಂದ್ರಗಳೂ ಸಿಗುತ್ತವೆ. ಇಲ್ಲಿ ರಕ್ತಕ್ಕೂ ಮಿದುಳಿಗೂ ನಡುವೆ ತಡೆಯಾಗಿರುವುದು ಆ ನಾಳಗಳ ಭಿತ್ತಿಯೇ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿ, ತಡೆ ಎಂಬ ಹೆಸರಿನ ಗೆರೆಯನ್ನು ಮೊದಲ ಚಿತ್ರದಲ್ಲಿ ಹೊದಿಕೆಯ ಜೀವಕೋಶಗಳಿಗೆ, ಎರಡನೆಯದರಲ್ಲಿ ನಾಳದ ಭಿತ್ತಿಗೇ ಎಳೆಸಬೇಕು.