ಬಿಸಿನೀರಿನ ಫಿಟ್ಸ್: ಮಗನಿಗೆ ತಲೆಸ್ನಾನ ಮಾಡಿಸಲು ನಾನು ಕಲಿತದ್ದು

ಹನ್ನೊಂದು ತಿಂಗಳಾಯಿತು, ನನ್ನ ಮಗನಿಗೆ ಬಚ್ಚಲಲ್ಲಿ ಫಿಟ್ಸ್ ಬಂದಿಲ್ಲ. ನೀರಿನಿಂದ ಎಲ್ಲಾದರೂ ಫಿಟ್ಸ್ ಬರುತ್ತಾ ಅಂತ ಕೇಳಿದವರೇ ಈಗ ನಮ್ಮ ಮನೆಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಕಡೆ ಹಳ್ಳಿ. ಮಗನಿಗೆ ಆಗ ನಾಲ್ಕು ವರ್ಷ. ದೀಪಾವಳಿಯ ಎಣ್ಣೆಸ್ನಾನ. ಅತ್ತೆ ಹಂಡೆಯಿಂದ ಚೊಂಬಿನ ಮೇಲೆ ಚೊಂಬು ತಲೆಗೆ ಹುಯ್ಯುತ್ತಿದ್ದರು. ಅಳುತ್ತಿದ್ದವನು ತಟ್ಟನೆ ಸುಮ್ಮನಾದ. ಗೋಡೆಯನ್ನೇ ದಿಟ್ಟಿಸಿದ. ತುಟಿ ಚಪ್ಪರಿಸುತ್ತಾ ಬಲಗೈಲಿ ಉಡಿದಾರವನ್ನು ಎಳೆದೆಳೆದು ಬಿಡುತ್ತಿದ್ದ. ಕರೆದರೆ ಓಗೊಡಲಿಲ್ಲ. ಆಮೇಲೆ ಪಕ್ಕಕ್ಕೆ ವಾಲಿದ. ಕೈಗೆ ಬೀಗದ ಕೈ ಹಿಡಿಸಿದ್ದು, ಈರುಳ್ಳಿ ಮೂಸಿಸಿದ್ದು ಎಲ್ಲಾ ಆಯಿತು.

ಮೊದಲ ಮೂರು ತಿಂಗಳಲ್ಲಿ ಸುಮಾರು 22 ಸಾವಿರ ಖರ್ಚಾಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಆರ್‌ಐಗೆ 7–8 ಸಾವಿರ, ಇಇಜಿಗೆ ಒಂದೂವರೆ ಸಾವಿರ ಇರಬೇಕು. ಎರಡೂ ನಾರ್ಮಲ್. ತಾಯತ ಕಟ್ಟಿಸಿದ್ದಕ್ಕೆ 3 ಸಾವಿರ. ನನ್ನ ಓಲೆ ಅಡವಿಟ್ಟಿದ್ದು ಆಗಲೇ. ದಿನಾ ಎರಡು ಹೊತ್ತು ಸಿರಪ್ ಕುಡಿಸಿದರೂ ಮತ್ತೆ ಬರುತ್ತಲೇ ಇತ್ತು. ಬಂದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತುತ್ತಿದ್ದೆ. ಆರು ಗುಂಡು ಆಗಿತ್ತು. ಒಂದು ದಿನ ನೋಡಿದರೆ ಆರೂ ತಲೆಸ್ನಾನದ ದಿನಗಳು! ಆ ಆಸ್ಪತ್ರೆಯಲ್ಲಿ ಹೇಳಿದೆ. ಸ್ನಾನಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ ಅಂದರು.

ಮುಂದಿನ ಸಲ ಬಂದಾಗ ಯಜಮಾನರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಅದನ್ನು ಹಿಡಿದು ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿನ ಡಾಕ್ಟರ್ ಅರ್ಧ ವಿಡಿಯೋ ನೋಡಿ, "ತಲೆಗೆ ಬಿಸಿನೀರು ಹಾಕುವಾಗ ಮಾತ್ರ ಬರುತ್ತಾ?" ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಮೈಸೂರು, ಮಂಡ್ಯ ಕಡೆ ಇದು ಅಪರೂಪವೇನಲ್ಲವಂತೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರು 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸಿರಪ್ಪನ್ನು ಡಾಕ್ಟರೇ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ನೀವಾಗೇ ನಿಲ್ಲಿಸಲು ಹೋಗಬೇಡಿ.

ಆಮೇಲೂ ನಾನು ತಪ್ಪು ಮಾಡಿದೆ. ಬಿಸಿ ಬೇಡ ಅಂದರಲ್ಲ ಅಂತ ತಣ್ಣೀರೇ ಹುಯ್ದೆ. ಅವನಿಗೆ ನೆಗಡಿ, ಜ್ವರ. "ಬಿಸ್ನೀರು ಹುಯ್ಯದೇ ಮಕ್ಳು ಬೆಳದವೇನವ್ವಾ?" ಅಂತ ಅತ್ತೆ ಎರಡು ದಿನ ಮಾತು ಬಿಟ್ಟರು. ತಲೆಸ್ನಾನದ ದಿನ ಕೊಡಲು ಡಾಕ್ಟರ್ ಕ್ಲೋಬಾಜಾಮ್ ಅನ್ನೋ ಫಿಟ್ಸ್ ಔಷಧಿ ಬರೆದಿದ್ದರು. ಅದನ್ನು ಬಚ್ಚಲಿಗೆ ಹೋಗುವ ಹತ್ತು ನಿಮಿಷ ಮುಂಚೆ ಕೊಟ್ಟೆ. ಏನೂ ಉಪಯೋಗ ಆಗಲಿಲ್ಲ. ಗಂಟೆ, ಒಂದೂವರೆ ಗಂಟೆ ಮುಂಚೆ ಕೊಡಬೇಕಿತ್ತು. ಕೊಟ್ಟರೆ ಅಂಗನವಾಡಿಯಲ್ಲಿ ತೂಕಡಿಸುತ್ತಿದ್ದ. ಅದಕ್ಕೆ ತಲೆಸ್ನಾನವನ್ನು ಭಾನುವಾರ ಮಧ್ಯಾಹ್ನಕ್ಕೆ ಹಾಕಿಕೊಂಡೆ. ಎಷ್ಟು ಮಿಲಿಗ್ರಾಂ ಅಂತ ಬರೆಯುವುದಿಲ್ಲ, ಅದು ಮಗುವಿನ ತೂಕ ನೋಡಿ ಡಾಕ್ಟರ್ ಹೇಳಬೇಕು. ಕಹಿ ಅಂತ ಉಗಿಯುವವನಿಗೆ ಹೇಗೆ ನುಂಗಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊನೆಗೆ ಕೈಗೆ ಹತ್ತಿದ ಕ್ರಮ ಹೀಗಿದೆ. ಮೊದಲು ಮೈ ತೊಳೆದು ಮುಗಿಸುತ್ತೇನೆ. ತಲೆ ಕೊನೆಗೆ. ನೀರು 36 ಡಿಗ್ರಿ ಆಸುಪಾಸು, ಉಗುರುಬೆಚ್ಚಗೆ ಅಷ್ಟೇ. ದೊಡ್ಡ ಚೊಂಬು ಬಿಟ್ಟು ಕಾಫಿ ಲೋಟ ಹಿಡಿದೆ. ಒಂದು ಲೋಟ ಹುಯ್ದು, ಅಂಗೈಲಿ ತಲೆ ಸವರಿ, ಅವನಿಗೇ ಹತ್ತರವರೆಗೆ ಎಣಿಸಲು ಹೇಳುತ್ತೇನೆ. ಎಣಿಕೆ ತಪ್ಪಿದರೆ ಅಲ್ಲಿಗೇ ನಿಲ್ಲಿಸಿ ಟವೆಲ್ ಸುತ್ತುವುದು. ನನಗೆ ಬಿಸಿಗಿಂತ ಆ ಎಡೆಬಿಡದ ಸುರಿತವೇ ಜಾಸ್ತಿ ಕೆಟ್ಟದ್ದು ಅನ್ನಿಸುತ್ತೆ. ಕೂದಲು ಸಣ್ಣಗೆ ಕತ್ತರಿಸಿಟ್ಟರೆ ಎಂಟು ಲೋಟಕ್ಕೆ ಮುಗಿಯುತ್ತೆ. ಕೂರಿಸುವುದು ಗೋಡೆಯಿಂದ ದೂರ, ಗಿಡ್ಡ ಮಣೆ ಮೇಲೆ. ಬಾಗಿಲ ಚಿಲಕ ಹಾಕುವುದಿಲ್ಲ. ಫಿಟ್ಸ್ ಬಂದರೆ ಎಡಗಡೆ ಹೊರಳಿಸುವುದು, ಗಡಿಯಾರ ನೋಡುವುದು, ಬಾಯಿಗೆ ಏನೂ ತುರುಕದಿರುವುದು ನಿಮಗೆ ಗೊತ್ತೇ ಇದೆ.

300 ರೂಪಾಯಿಗೆ ಥರ್ಮಾಮೀಟರ್ ತಂದಮೇಲೆ ಕಂಡ ನೀರನ್ನೆಲ್ಲ ಅಳೆದೆ. ಅತ್ತೆಗೆ ಹದ ಅನ್ನಿಸಿದ ಹಂಡೆ ನೀರು 46 ಇತ್ತು. ನಾದಿನಿ ಮನೆಯ ಸೋಲಾರ್ ನೀರು ಮಧ್ಯಾಹ್ನ 58. ತೋಡಿಟ್ಟ ಬಕೆಟ್ ನೀರು ಎಷ್ಟು ಹೊತ್ತಿಗೆ ಆರುತ್ತೆ ಅಂತಲೂ ಬರೆದಿಟ್ಟಿದ್ದೇನೆ. ಈಗ ನೀರಿಗೆ ಮೊಣಕೈ ಇಟ್ಟರೆ ಸಾಕು, ಒಂದು ಡಿಗ್ರಿ ಆಚೀಚೆ ಹೇಳಿಬಿಡುತ್ತೇನೆ. ನನ್ನ ಲೆಕ್ಕದ ಪುಸ್ತಕ ನೋಡಿ ಡಾಕ್ಟರೇ ಅದರ ಫೋಟೋ ತೆಗೆದುಕೊಂಡರು.

ನಡುವೆ ಒಂದೇ ಸಲ ತಪ್ಪಿದ್ದು, ಮದುವೆ ಮನೆಯಲ್ಲಿ. ನಾನು ಅಡುಗೆ ಕಡೆ ಹೋಗಿದ್ದಾಗ ನೆಂಟರೊಬ್ಬರು ಪ್ರೀತಿಯಿಂದಲೇ ತಲೆಗೆ ಬಿಸಿನೀರು ಹುಯ್ದರು. ಎರಡು ನಿಮಿಷ ಬಂತು. ಆ ಗುಂಡೇ ಕೊನೆಯದು. ಅಂದಿನಿಂದ ಎಲ್ಲಿಗೆ ಹೋದರೂ ಕಾಫಿ ಲೋಟ, ಥರ್ಮಾಮೀಟರ್ ಚೀಲದಲ್ಲಿರುತ್ತವೆ. ಈ ಸಲದ ಯುಗಾದಿಗೆ ಎಣ್ಣೆ ಹಚ್ಚಿದ್ದು ಅತ್ತೆ. ಹಂಡೆಯಿಂದ ನೀರು ತೋಡಿ, ಬಕೆಟ್ಟನ್ನು ನನ್ನ ಮುಂದೆ ಇಟ್ಟು, "ಅಳದ್ಬುಡವ್ವ" ಅಂದರು. 41 ಇತ್ತು. ಅವರೇ ಎರಡು ಚೊಂಬು ತಣ್ಣೀರು ಬೆರೆಸಿದರು.