ಜೆಟ್ ಬೋಟಿನ ಸ್ಟೇರಿಂಗ್ ಬಿಗಿಯಾಗಿದ್ರೆ ಮೊದಲು ಕೇಬಲ್‌ನ ಹಿಂದಿನ ತುದಿ ಬಿಚ್ಚಿ
ಸೆಕೆಂಡ್ ಹ್ಯಾಂಡ್ ಜೆಟ್ ಬೋಟಿನ ಸ್ಟೇರಿಂಗ್ ಬಿಗಿಯಾಗಿದ್ದರೆ, ಇಂಜಿನ್ ಆರಿಸಿ, ಕೀ ಕಿಸೆಗೆ ಹಾಕಿಕೊಂಡು, ಹಿಂದೆ ನೀರು ಚಿಮ್ಮುವ ಮೂತಿಗೆ, ಅಂದ್ರೆ ನಾಝಲ್‌ಗೆ, ಸಿಕ್ಕಿಸಿದ ಸ್ಟೇರಿಂಗ್ ಕೇಬಲ್ ತುದಿ ಬಿಚ್ಚಿ. ನಾಝಲನ್ನು ಕೈಯಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಿ. ಅದು ಸಲೀಸಾಗಿ ತಿರುಗಿ, ಮುಂದೆ ಸ್ಟೇರಿಂಗ್ ಇನ್ನೂ ಗಟ್ಟಿಯೇ ಇದ್ದರೆ ತೊಂದರೆ ಕೇಬಲ್‌ನಲ್ಲಿ ಅಥವಾ ಸ್ಟೇರಿಂಗ್ ಬುಡದಲ್ಲಿ. ನಾಝಲ್ಲೇ ಹಿಡಿದುಕೊಂಡಿದ್ದರೆ ಅದರ ಬೋಲ್ಟ್, ಬುಶ್ (ಬೋಲ್ಟ್ ಸುತ್ತಲಿನ ಕೊಳವೆ) ಸಂದಿಯಲ್ಲಿ ಬಿಳಿ ಉಪ್ಪು ಗಟ್ಟಿ ಕೂತಿರಬಹುದು. ಸಾಮಾನ್ಯವಾಗಿ ಸಿಹಿನೀರಲ್ಲಿ ತೊಳೆದು ಮರೈನ್ ಗ್ರೀಸ್ ಹಚ್ಚಿದರೆ ಸಾಕು. ಕೇಬಲ್ಲನ್ನೂ ನಾಝಲನ್ನೂ ಬೇರೆ ಮಾಡಿದ್ದರಿಂದ ಯಾವುದು ಯಾವುದನ್ನು ಎಳೆದು ಹಿಡಿದಿದೆ ಅಂತ ಗೊತ್ತಾಗುತ್ತದೆ, ಸುಮ್ನೆ ಕೇಬಲ್‌ಗೆ ದುಡ್ಡು ಸುರಿಯುವುದು ತಪ್ಪುತ್ತದೆ. ನಮ್ಮ ಕಾರವಾರದ ಕಾಳಿ ನದಿ ಸಮುದ್ರ ಸೇರುವ ಅಳಿವೆ ಕಡೆ ಓಡಿದ ಬೋಟಾದರೆ ಕೇಬಲ್ ಮೇಲೆ ಅನುಮಾನ ಜಾಸ್ತಿ ಇರಲಿ. ಹೊರಗೆ ಹೊಸದರ ಹಾಗೆ ಕಂಡರೂ ಸೀಲ್ ಹರಿದ ಕಡೆ ಉಪ್ಪುನೀರು ಹೊಕ್ಕು ಒಳಗಿನ ತಂತಿ ತುಕ್ಕು ಹಿಡಿದಿರಬಹುದು. ಅಂಥದಕ್ಕೆ ಎಣ್ಣೆ ಬಿಟ್ಟು ದಿನ ದೂಡಬೇಡಿ, ಬದಲಿಸಿಬಿಡಿ. ಸ್ಟೇರಿಂಗ್ ಹಗುರವಾಗಿದ್ದೂ ಬೋಟು ತಿರುಗದಿದ್ದರೆ ಈ ಉಪಾಯ ಕೆಲಸಕ್ಕೆ ಬಾರದು. ಜೆಟ್‌ಗೆ ಸಾಮಾನ್ಯವಾಗಿ ಚುಕ್ಕಾಣಿ ಹಲಗೆ ಇರೋದಿಲ್ಲ ಅಲ್ವಾ, ನಾಝಲ್‌ನಿಂದ ನೀರು ಚಿಮ್ಮಿದರೆ ಮಾತ್ರ ಚೆನ್ನಾಗಿ ತಿರುವು. ಥ್ರಾಟಲ್ (ಇಂಜಿನ್ ವೇಗ ಕೊಡುವ ಹಿಡಿ) ಬಿಟ್ಟರೆ ಹೊಸ ಬೋಟೂ ಸರಿಯಾಗಿ ಮಾತು ಕೇಳುವುದಿಲ್ಲ. ಥ್ರಾಟಲ್ ಕೊಟ್ಟರೂ ಹಾಗೇ ಇದ್ದರೆ, ಇಂಜಿನ್ ಆರಿಸಿ, ನೀರೆಳೆಯುವ ತಳದ ಜಾಲರಿಯಲ್ಲಿ ಬಲೆಯ ಚೂರೋ ಹಗ್ಗವೋ ಸಿಕ್ಕಿದೆಯಾ ನೋಡಿ.